ಮಳೆ ವಿಜ್ಞಾನಿಯ ಪ್ರಭಾವವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಕಾಫಿ ತೋಟ. ಮಗಳು ಹಾಸನದಲ್ಲಿ ಭೌತವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದಾಳೆ. ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರ ಸಂಶೋಧನೆ, ಅದರ ಪ್ರಭಾವ ಎಂಬ ವಿಷಯದ ಮೇಲೆ ಅರ್ಧ ಗಂಟೆಯ ಸೆಮಿನಾರ್ ಕೊಡಬೇಕಂತೆ. ಅವರ ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸುವ ಜಾಲತಾಣಗಳನ್ನು ನೋಡಿದರೆ ಗೂಗಲ್ ಸ್ಕಾಲರ್‌ನಲ್ಲಿ ಒಂದು ಲೆಕ್ಕ, ಸ್ಕೋಪಸ್‌ನಲ್ಲಿ ಇನ್ನೊಂದು ಲೆಕ್ಕ ಬರುತ್ತಿದೆ, ಯಾವುದನ್ನು ನಂಬುವುದು ಎಂದು ಕೇಳುತ್ತಾಳೆ. ಇನ್ನೊಂದು ಮಾತು: ನಮ್ಮ ತಂದೆಯವರ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕಗಳು ಮನೆಯಲ್ಲಿವೆ. ಅವು ಈ ಕೆಲಸಕ್ಕೆ ಬಂದಾವೆಯೇ?

ಉತ್ತರ: ಲೆಕ್ಕಕ್ಕಿಂತ ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳಬೇಕು. ಸಕಲೇಶಪುರ, ಮೂಡಿಗೆರೆ ಕಡೆ ‘ಗಾಡ್ಗೀಳ್’ ಎಂದ ಕೂಡಲೇ ಜನಕ್ಕೆ ನೆನಪಾಗುವುದು 2011ರ ಪಶ್ಚಿಮ ಘಟ್ಟ ವರದಿ. ಅದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ಸಮಿತಿಯದು. ಸುಲೋಚನಾ ಈ ಮಾಧವರ ಪತ್ನಿ. ಸುಲೋಚನಾರ ಕ್ಷೇತ್ರವೇ ಬೇರೆ: ಮುಂಗಾರು, ಸಮುದ್ರ, ಮೋಡ. ಸೆಮಿನಾರಿನ ಮೊದಲ ಸ್ಲೈಡಿನಲ್ಲೇ ಇದನ್ನು ಹೇಳಿಬಿಟ್ಟರೆ ಪ್ರಶ್ನೋತ್ತರದ ಹೊತ್ತು ಪೂರ್ತಿ ಘಟ್ಟದ ಜಗಳಕ್ಕೆ ಹೋಗುವುದು ತಪ್ಪುತ್ತದೆ.

ಗಣಕಕ್ಕಂತೂ ಈ ಗೋಜಲು ಇನ್ನೂ ಜಾಸ್ತಿ. ಅವರ ಮಗ ಸಿದ್ಧಾರ್ಥ ಗಾಡ್ಗೀಳ್ ಗಣಿತಜ್ಞರು, ತಾಯಿ ಕೆಲಸ ಮಾಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ. ಪ್ರಬಂಧಗಳಲ್ಲಿ ತಾಯಿ ಮಗ ಇಬ್ಬರೂ ‘ಎಸ್. ಗಾಡ್ಗೀಳ್’. ಹೆಸರು ಮತ್ತು ಸಂಸ್ಥೆ ನೋಡಿ ಸೋಸಿದರೆ ಗಣಿತದ ಪ್ರಬಂಧಗಳು ಹವಾಮಾನದ ರಾಶಿಗೆ ಬಂದು ಬೀಳುತ್ತವೆ. ಸಿದ್ಧಾರ್ಥರ ಹೆಸರಿರುವುದನ್ನೆಲ್ಲ ಕಿತ್ತು ಹಾಕೋಣ ಎಂದರೂ ಆಗದು, ಏಕೆಂದರೆ ತಾಯಿ ಮಗ ಸೇರಿ ಬರೆದ ಪ್ರಬಂಧಗಳಿವೆ, ಅವುಗಳಲ್ಲಿ ಎರಡು ತೀರಾ ಮುಖ್ಯವಾದವು. ಆದ್ದರಿಂದ ಹೆಸರಿನ ಜೊತೆಗೆ ಮಾನ್ಸೂನ್, ಮಳೆ, ಮೋಡ, ಸಮುದ್ರದ ತಾಪ ಇಂಥ ವಿಷಯ ಪದಗಳನ್ನು ಕೊಟ್ಟು ಹುಡುಕಬೇಕು. ಬಂದ ಪಟ್ಟಿಯನ್ನು ಒಂದು ಹಾಳೆಗೆ ಇಳಿಸಿ, ಒಂದೊಂದರ ಸಾರಾಂಶ ಓದಿ, ಕೈಯಿಂದಲೇ ಆರಿಸಬೇಕು. ಒಂದು ಸಂಜೆಯ ಕೆಲಸ. ಬೇರೆ ಅಡ್ಡದಾರಿ ಇಲ್ಲ.

ಈಗ ಎರಡು ಲೆಕ್ಕ ಯಾಕೆ ಬರುತ್ತದೆ ಎನ್ನುವುದು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆರಿಸಿಕೊಂಡ ಪತ್ರಿಕೆಗಳನ್ನು ಮುಖ್ಯವಾಗಿ ಎಣಿಸುತ್ತವೆ. ಗೂಗಲ್ ಸ್ಕಾಲರ್ ಪಿಎಚ್.ಡಿ. ಪ್ರಬಂಧ, ವರದಿ, ಪುಸ್ತಕದ ಅಧ್ಯಾಯ ಎಲ್ಲವನ್ನೂ ಬಾಚಿಕೊಳ್ಳುತ್ತದೆ, ಒಮ್ಮೊಮ್ಮೆ ಒಂದೇ ಪ್ರಬಂಧವನ್ನು ಎರಡು ಸಲ ಹಿಡಿಯುತ್ತದೆ. ಹಾಗಾಗಿ ಅದರ ಲೆಕ್ಕ ಸಾಮಾನ್ಯವಾಗಿ ದೊಡ್ಡದು. ಎರಡೂ ಸುಳ್ಳಲ್ಲ, ಬಲೆಯ ಕಣ್ಣಿನ ಗಾತ್ರ ಬೇರೆ ಬೇರೆ. ಯಾವುದಾದರೂ ಒಂದನ್ನೇ ಬಳಸಿ, ಅದರ ಹೆಸರು ಮತ್ತು ನೋಡಿದ ತಾರೀಖು ಬರೆದರೆ ಸಾಕು. ಇದರ ಸಂಖ್ಯೆಯನ್ನು ಅದರ ಸಂಖ್ಯೆಯ ಪಕ್ಕ ಇಟ್ಟು ಹೋಲಿಸುವುದು ಮಾತ್ರ ತಪ್ಪು.

ಒಬ್ಬರ ಪ್ರಬಂಧಗಳ ಸಂಖ್ಯೆ, ಅವಕ್ಕೆ ಬಂದ ಉಲ್ಲೇಖ ಎರಡನ್ನೂ ಸೇರಿಸಿ ಒಂದೇ ಅಂಕಿಯಲ್ಲಿ ಹೇಳುವ ಎಚ್-ಸೂಚ್ಯಂಕವನ್ನು 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಮುಂದಿಟ್ಟರು. ಪ್ರಬಂಧಗಳನ್ನು ಉಲ್ಲೇಖದ ಇಳಿಕೆ ಕ್ರಮದಲ್ಲಿ ಜೋಡಿಸಿ. ಉದಾಹರಣೆಗೆ 50, 30, 12, 6, 5, 3 ಎಂದಿದ್ದರೆ ಐದನೆಯದಕ್ಕೆ 5 ಉಲ್ಲೇಖ ಇದೆ, ಆರನೆಯದಕ್ಕೆ 6 ಇಲ್ಲ. ಸೂಚ್ಯಂಕ 5. ಮೊದಲನೆಯದಕ್ಕೆ 50ರ ಬದಲು 5,000 ಉಲ್ಲೇಖ ಬಂದಿದ್ದರೂ ಉತ್ತರ ಐದೇ. ಒಂದು ಇಡೀ ಕ್ಷೇತ್ರದ ದಿಕ್ಕು ತಿರುಗಿಸಿದ ಪ್ರಬಂಧವನ್ನು ಈ ತಕ್ಕಡಿ ತೂಗುವುದೇ ಇಲ್ಲ. ಇನ್ನು ಅವಲೋಕನ ಲೇಖನಗಳದ್ದು, ಅಂದರೆ ಒಂದು ವಿಷಯದ ಮೇಲೆ ಅದುವರೆಗೆ ಬಂದ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆದವು. ಮುಂಗಾರು ಮತ್ತು ಅದರ ಏರಿಳಿತದ ಬಗ್ಗೆ ಗಾಡ್ಗೀಳ್ 2003ರಲ್ಲಿ ಬರೆದ ದೊಡ್ಡ ಅವಲೋಕನ ಇದೆ. ಇಂಥ ಲೇಖನ ಉಲ್ಲೇಖವನ್ನು ಸುಲಭವಾಗಿ ಸೆಳೆಯುತ್ತದೆ, ಪೀಠಿಕೆಯಲ್ಲಿ ಹತ್ತು ಮೂಲ ಪ್ರಬಂಧ ಹೆಸರಿಸುವ ಬದಲು ಒಂದು ಅವಲೋಕನ ಹೆಸರಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಆಮೇಲೆ ಕ್ಷೇತ್ರ ಕಾರ್ಯ. 1999ರ ಮಳೆಗಾಲದಲ್ಲಿ ‘ಬಾಬ್‌ಮೆಕ್ಸ್’ ಎಂಬ ಪ್ರಯೋಗ ನಡೆಯಿತು: ಸಾಗರ್ ಕನ್ಯಾ, ಸಾಗರಧ್ವನಿ ಎಂಬ ಎರಡು ಹಡಗುಗಳನ್ನು ಬಂಗಾಳ ಕೊಲ್ಲಿಯಲ್ಲಿ ನಿಲ್ಲಿಸಿ, ಮೋಡ ಕಟ್ಟುವ ಹೊತ್ತಿನಲ್ಲಿ ನೀರು ಮತ್ತು ಗಾಳಿಯ ತಾಪ, ತೇವ ಅಳೆದರು. ಅಂಥ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಯೋಜನೆ ಹಾಕಿದವರಲ್ಲಿ ಅವರೂ ಇದ್ದರು. ಯೋಜನೆ ಹಾಕಿದ್ದಕ್ಕೆ ಉಲ್ಲೇಖ ಹುಟ್ಟುವುದಿಲ್ಲ, ಆ ದತ್ತಾಂಶ ಬಳಸಿ ಬರೆದ ಪ್ರಬಂಧಕ್ಕೆ ಹುಟ್ಟುತ್ತದೆ.

ಹಾಗಾದರೆ ಏನು ಮಾಡಬೇಕು? ಸಂಖ್ಯೆಗೆ ಒಂದೇ ಒಂದು ಸ್ಲೈಡ್ ಕೊಡಿ. ಉಳಿದ ಹೊತ್ತು ಆ ವಿಜ್ಞಾನಿ ಯಾವ ಪ್ರಶ್ನೆಯನ್ನು ಹಿಡಿದರು, ಅವರು ಬರುವ ಮೊದಲು ಜನ ಅದಕ್ಕೆ ಏನು ಉತ್ತರ ಹೇಳುತ್ತಿದ್ದರು, ಆಮೇಲೆ ಏನು ಹೇಳತೊಡಗಿದರು ಎಂದು ಹಿಂಬಾಲಿಸುವುದೇ ಸರಿ. ಗಾಡ್ಗೀಳ್ ವಿಷಯದಲ್ಲಿ ಇದು ಸಲೀಸು. ನಲವತ್ತು ವರ್ಷದ ಕೆಲಸಕ್ಕೆ ಎಳೆ ಒಂದೇ.

ಬದುಕಿನ ವಿವರ ಚುಟುಕಾಗಿ ಸಾಕು. 1944ರಲ್ಲಿ ಪುಣೆಯಲ್ಲಿ ಹುಟ್ಟಿದರು. 1970ರಲ್ಲಿ ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮುಗಿಸಿದರು. ವಿಷಯ ಮಳೆಯಲ್ಲ, ಗಲ್ಫ್ ಸ್ಟ್ರೀಮ್‌ನಂಥ ಸಾಗರ ಪ್ರವಾಹಗಳು ಹಾವಿನಂತೆ ಹೊರಳುವುದರ ಗಣಿತ. ಹಿಂತಿರುಗಿದ ಮೇಲೆ ಸ್ವಲ್ಪ ಕಾಲ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ, 1973ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 2025ರಲ್ಲಿ ತೀರಿಕೊಂಡರು. ‘ಮೊದಲ’, ‘ಏಕೈಕ’ ಎಂಬ ವಿಶೇಷಣಗಳು ಅಲ್ಲಿ ಇಲ್ಲಿ ಸಿಗುತ್ತವೆ. ಆಧಾರ ಕೈಯಲ್ಲಿ ಇಲ್ಲದಿದ್ದರೆ ಅವನ್ನು ಮುಟ್ಟದಿರುವುದೇ ವಾಸಿ.

ಇನ್ನು ಪ್ರಶ್ನೆ. ಮುಂಗಾರು ಯಾಕೆ ಬರುತ್ತದೆ? ಶಾಲೆಯ ಪುಸ್ತಕದ ಉತ್ತರ ನಮಗೆಲ್ಲ ಬಾಯಿಪಾಠ: ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಕಡಲು ಅಷ್ಟು ಕಾಯುವುದಿಲ್ಲ, ಕಡಲ ಗಾಳಿ ನೆಲದತ್ತ ನುಗ್ಗುತ್ತದೆ, ಮಳೆ ತರುತ್ತದೆ. ಇದು ಹ್ಯಾಲಿ 1686ರಲ್ಲಿ ಹೇಳಿದ್ದು, ಧೂಮಕೇತುವಿನ ಅದೇ ಹ್ಯಾಲಿ. ಕೇಳಲು ಚೆನ್ನಾಗಿದೆ, ಆದರೆ ಪರೀಕ್ಷೆಗೆ ನಿಲ್ಲುವುದಿಲ್ಲ. ನೆಲ ಅತಿ ಹೆಚ್ಚು ಕಾಯುವುದು ಮೇ ತಿಂಗಳಲ್ಲಿ, ಮಳೆ ಜೋರಾಗುವುದು ಜುಲೈನಲ್ಲಿ, ಅಷ್ಟರಲ್ಲಿ ನೆಲ ತಣ್ಣಗಾಗಿರುತ್ತದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಬರಗಾಲದ್ದು. ನೆಲದ ಕಾವೇ ಮಳೆ ತರುವುದಾದರೆ ಹೆಚ್ಚು ಕಾದ ವರ್ಷ ಹೆಚ್ಚು ಮಳೆ ಬರಬೇಕಿತ್ತು. ಆಗುವುದು ತದ್ವಿರುದ್ಧ: ಮಳೆ ಕೈಕೊಟ್ಟ ವರ್ಷವೇ ನೆಲ ಹೆಚ್ಚು ಸುಡುತ್ತದೆ. ಅಂದರೆ ನೆಲದ ತಾಪ ಮಳೆಯ ಫಲ, ಕಾರಣವಲ್ಲ. ಭಾರತದ ಹವಾಮಾನ ಇಲಾಖೆಯಲ್ಲಿದ್ದ ಸಿಂಪ್ಸನ್ 1921ರಲ್ಲೇ ಈ ಆಕ್ಷೇಪ ಎತ್ತಿದ್ದರು, ಆದರೂ ಪಠ್ಯಪುಸ್ತಕ ಕದಲಲಿಲ್ಲ.

ಗಾಡ್ಗೀಳ್ ಮತ್ತು ಹವಾಮಾನ ವಿಜ್ಞಾನಿ ಡಿ.ಆರ್. ಸಿಕ್ಕಾ 1980ರಲ್ಲಿ ಮಂತ್ಲಿ ವೆದರ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಪ್ರಬಂಧ ಇಲ್ಲಿಗೆ ಬರುತ್ತದೆ. ಉಪಗ್ರಹ ಚಿತ್ರ ಆಗಷ್ಟೇ ದಿನದಿನಕ್ಕೂ ಸಿಗತೊಡಗಿದ್ದ ಕಾಲ. 1973ರಿಂದ 1977ರವರೆಗಿನ ಚಿತ್ರಗಳಲ್ಲಿ, 70ರಿಂದ 90 ಡಿಗ್ರಿ ಪೂರ್ವ ರೇಖಾಂಶದ ನಡುವೆ, ಅತಿ ದಟ್ಟ ಮೋಡದ ಪಟ್ಟಿ ಯಾವ ಅಕ್ಷಾಂಶದಲ್ಲಿದೆ ಎಂದು ದಿನವೂ ಗುರುತು ಹಾಕಿದರು. ಎರಡು ಪಟ್ಟಿಗಳು ಕಂಡವು: ಒಂದು ನಮ್ಮ ನೆಲದ ಮೇಲೆ, ಇನ್ನೊಂದು ಸಮಭಾಜಕದ ಹತ್ತಿರ ಕಡಲಿನ ಮೇಲೆ. ನೆಲದ ಮೇಲಿನದ್ದು ತನ್ನಷ್ಟಕ್ಕೆ ಮಳೆಗಾಲ ಪೂರ್ತಿ ಬದುಕುವುದಿಲ್ಲ, ಸೊರಗುತ್ತದೆ. ಎರಡರಿಂದ ಆರು ವಾರಕ್ಕೊಮ್ಮೆ ಕಡಲಿನ ಪಟ್ಟಿಯೊಂದು ಉತ್ತರಕ್ಕೆ ನಡೆದು ಬಂದು ಅದಕ್ಕೆ ಮರುಜೀವ ಕೊಡುತ್ತದೆ. ನೆಲದ ಮೇಲಿನ ಆ ಪಟ್ಟಿಯ ಸ್ವಭಾವವೆಲ್ಲ ಉಷ್ಣವಲಯದ ಕಡಲುಗಳ ಮೇಲಿರುವ ಅಂತರ ಉಷ್ಣವಲಯ ಸಂಗಮ ವಲಯದ್ದೇ (ಎರಡೂ ಗೋಳಾರ್ಧದ ಗಾಳಿ ಸೇರಿ ಮೋಡ ಕಟ್ಟುವ ಪಟ್ಟಿ) ಎಂದು ಅವರು ತೋರಿಸಿದರು. ಅಂದರೆ ಮುಂಗಾರು ದೈತ್ಯ ಕಡಲ ಗಾಳಿಯಲ್ಲ, ಸಮಭಾಜಕದ ಮೋಡದ ಪಟ್ಟಿಯೇ ಸೂರ್ಯನ ಬೆನ್ನು ಹಿಡಿದು ನಮ್ಮ ನೆಲದ ಮೇಲೆ ಬಂದಿರುವುದು.

ಮಲೆನಾಡಿನಲ್ಲಿ ಮಳೆ ಕೆಲ ದಿನ ಬಿಡುವು ಕೊಟ್ಟರೆ ‘ಮಳೆ ಹೊಳವಾಯಿತು’ ಎನ್ನುತ್ತಾರಲ್ಲ, ಅದರ ದೇಶವ್ಯಾಪಿ ರೂಪವೇ ಈ ಪಟ್ಟಿಯ ಸೊರಗುವಿಕೆ. ಇಂಥ ಉತ್ತರಮುಖ ಚಲನೆಯನ್ನು ಜಪಾನಿನ ಯಸುನಾರಿ 1979ರಲ್ಲಿ ಸ್ವತಂತ್ರವಾಗಿ ವರದಿ ಮಾಡಿದ್ದರು ಎಂಬುದನ್ನೂ ನಿಮ್ಮ ಮಗಳು ಹೇಳಲೇಬೇಕು. ಒಬ್ಬರನ್ನು ಎತ್ತಿ ಹಿಡಿಯಲು ಇನ್ನೊಬ್ಬರನ್ನು ಮರೆತರೆ ಅದು ಅಭಿನಂದನಾ ಭಾಷಣವಾಗುತ್ತದೆ, ಸೆಮಿನಾರ್ ಆಗುವುದಿಲ್ಲ.

1984ರಲ್ಲಿ ನೇಚರ್ ಪತ್ರಿಕೆಯಲ್ಲಿ ಪಿ.ವಿ. ಜೋಸೆಫ್ ಮತ್ತು ಎನ್.ವಿ. ಜೋಶಿ ಅವರ ಜೊತೆ ಬರೆದ ಪ್ರಬಂಧ ಮೂರು ಪುಟದ್ದು. ಕಡಲ ಮೇಲ್ಮೈ ತಾಪ ಸುಮಾರು 28 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ತಾಪ ಏರಿದಂತೆ ಮೋಡ ಕಡಿದಾಗಿ ಏರುತ್ತದೆ. ಆ ಹೊಸ್ತಿಲು ದಾಟಿದ ಮೇಲೆ ಕಡಲು ಇನ್ನಷ್ಟು ಬೆಚ್ಚಗಾದರೂ ಮೋಡ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಬೆಚ್ಚನೆಯ ನೀರಿನ ಮೇಲೂ ಆಕಾಶ ಬರಿದಾಗಿರಬಹುದು. ಬೆಚ್ಚನೆಯ ಕಡಲು ಮೋಡಕ್ಕೆ ಬೇಕು, ಆದರೆ ಅದೊಂದೇ ಸಾಲದು. 1987ರಲ್ಲಿ ಗ್ರಹಾಂ ಮತ್ತು ಬಾರ್ನೆಟ್ ಉಷ್ಣವಲಯದ ಕಡಲುಗಳನ್ನು ನೋಡಿ 27.5 ಡಿಗ್ರಿಯ ಹೊಸ್ತಿಲು ಹೇಳಿದರು. ವಿದೇಶಿ ಲೇಖನಗಳಲ್ಲಿ ಎಷ್ಟೋ ಸಲ ಎರಡನೆಯದನ್ನಷ್ಟೇ ಉಲ್ಲೇಖಿಸುವ ಸಾಧ್ಯತೆ ಇರುತ್ತದೆ. ಮಗಳು ಎರಡರ ಉಲ್ಲೇಖ ಪಟ್ಟಿಗಳನ್ನೂ ತೆಗೆದು, ಎರಡನ್ನೂ ಹೆಸರಿಸಿದವರೆಷ್ಟು, ಒಂದನ್ನೇ ಹೆಸರಿಸಿದವರೆಷ್ಟು ಎಂದು ಎಣಿಸಿದರೆ ಅದೇ ಒಂದು ಪುಟ್ಟ ಸ್ವಂತ ಸಂಶೋಧನೆ.

ಮೂರನೆಯದು 2004ರದ್ದು, ಜಿಯೋಫಿಸಿಕಲ್ ರಿಸರ್ಚ್ ಲೆಟರ್ಸ್‌ನಲ್ಲಿ ವಿನಯಚಂದ್ರನ್, ಫ್ರಾನ್ಸಿಸ್ ಮತ್ತು ಸಿದ್ಧಾರ್ಥ ಅವರೊಂದಿಗೆ. ಪೆಸಿಫಿಕ್‌ನಲ್ಲಿ ಎಲ್ ನಿನೊ ಬಂದರೆ, ಅಂದರೆ ಸಮಭಾಜಕದ ಬಳಿ ಅಲ್ಲಿನ ಕಡಲು ಮಾಮೂಲಿಗಿಂತ ಬೆಚ್ಚಗಾದರೆ, ನಮಗೆ ಬರ ಎಂಬುದು ರೂಢಿಯ ಮಾತು. 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು ಬಂತು, ಆದರೆ ದೇಶದ ಮಳೆ ಸರಾಸರಿಗಿಂತ ತುಸು ಹೆಚ್ಚೇ. 2002ರ ಎಲ್ ನಿನೊ ಅದರ ಮುಂದೆ ಸಾಧಾರಣ, ಆದರೆ ಮಳೆ 19 ಶೇಕಡಾ ಕೊರತೆ. ಜುಲೈ ಒಂದರಲ್ಲೇ ಅರ್ಧದಷ್ಟು ಮಳೆ ಕಾಣೆಯಾಯಿತು. ಬಿಟ್ಟುಹೋದ ಕೊಂಡಿ ಹಿಂದೂ ಮಹಾಸಾಗರದಲ್ಲಿತ್ತು. ಸಮಭಾಜಕದ ಮೇಲೆ ಆಫ್ರಿಕಾ ಕಡೆಯ ಪಶ್ಚಿಮ ಭಾಗದಲ್ಲಿ ಮೋಡ ಹೆಚ್ಚಿ ಸುಮಾತ್ರಾ ಕಡೆಯ ಪೂರ್ವ ಭಾಗದಲ್ಲಿ ಕಡಿಮೆಯಾದರೆ ನಮ್ಮ ಮುಂಗಾರಿಗೆ ಅನುಕೂಲ, ತಿರುಗುಮುರುಗಾದರೆ ಪ್ರತಿಕೂಲ. ಈ ತೂಗುಯ್ಯಾಲೆಗೆ ‘ಈಕ್ವಿನೂ’ ಎಂದು ಹೆಸರಿಟ್ಟರು. ಅಳತೆಯೂ ಸರಳ: 60ರಿಂದ 90 ಡಿಗ್ರಿ ಪೂರ್ವ, ಸಮಭಾಜಕದ ಆಚೀಚೆ ಎರಡೂವರೆ ಡಿಗ್ರಿ, ಈ ಆಯತದ ಮೇಲ್ಮೈ ಗಾಳಿಯ ಪೂರ್ವ-ಪಶ್ಚಿಮ ಅಂಶ ಸರಾಸರಿಯಿಂದ ಎಷ್ಟು ಸರಿದಿದೆ ನೋಡಿ, ಧನ-ಋಣ ಚಿಹ್ನೆ ಬದಲಿಸಿ. 1997ರಲ್ಲಿ ಇದು ಅನುಕೂಲವಾಗಿತ್ತು, 2002ರಲ್ಲಿ ಎರಡೂ ಕಡೆಯಿಂದ ಹೊಡೆತ. ಇದನ್ನು 1999ರಲ್ಲಿ ಸಾಜಿ ಮತ್ತಿತರರು ವಿವರಿಸಿದ ಹಿಂದೂ ಮಹಾಸಾಗರದ ದ್ವಿಧ್ರುವದ ಜೊತೆ ಕಲಸುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಅದು ಕಡಲಿನ ಪೂರ್ವ-ಪಶ್ಚಿಮ ಭಾಗಗಳ ತಾಪದ ವ್ಯತ್ಯಾಸದ ಅಳತೆ, ಇದು ವಾತಾವರಣದ್ದು. ಸಂಬಂಧ ಇದೆ, ಆದರೆ ಪ್ರತಿ ವರ್ಷವೂ ಜೊತೆಯಾಗಿ ನಡೆಯುವುದಿಲ್ಲ.

ಇದೆಲ್ಲ ಇಡೀ ದೇಶದ ಜೂನ್-ಸೆಪ್ಟೆಂಬರ್ ಸರಾಸರಿಯ ಮಾತು. ಸಕಲೇಶಪುರದ ಒಂದು ತೋಟಕ್ಕೆ ಇದನ್ನು ನೇರ ಇಳಿಸಲಾಗದು. ಹಾಸನ ಜಿಲ್ಲೆಯಲ್ಲೇ ಘಟ್ಟದಂಚಿನಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟುತ್ತದೆ, ನೂರು ಕಿಲೋಮೀಟರ್ ಒಳಗಿನ ಅರಸೀಕೆರೆಯಲ್ಲಿ ಅದರ ಮೂರನೇ ಒಂದು ಪಾಲು ಬಿದ್ದರೆ ಪುಣ್ಯ. ಮೂಡಿಗೆರೆ ಮತ್ತು ಕಡೂರಿನದೂ ಅದೇ ಕಥೆ. ಜಿಲ್ಲೆಯ ಸರಾಸರಿ ಎಂಬುದು ಯಾವ ಊರಿನ ಮಳೆಯೂ ಅಲ್ಲ. ಆಡಳಿತದ ಗಡಿ ಬಿಟ್ಟು, ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಮಳೆ ಕೇಂದ್ರಗಳನ್ನು ಒಂದು ವಲಯ ಎಂದು ಗುಂಪು ಮಾಡುವ ಕೆಲಸವನ್ನು ಗಾಡ್ಗೀಳ್ ಮತ್ತು ಸಂಗಡಿಗರು ಎಂಬತ್ತರ ದಶಕದಲ್ಲಿ ಕರ್ನಾಟಕಕ್ಕೇ ಮಾಡಿದ್ದರು. ನನ್ನ ಮಟ್ಟಿಗೆ ಹಾಸನದಲ್ಲಿ ಕೊಡುವ ಸೆಮಿನಾರಿಗೆ ಈಕ್ವಿನೂಗಿಂತ ಇದೇ ಹೆಚ್ಚು ಒಗ್ಗುತ್ತದೆ. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದದ್ದು, ಬಿಟ್ಟಿಯಾಗಿ ಸಿಗುತ್ತದೆ, ಓದಿದವರು ಕಡಿಮೆ.

ವಾತಾವರಣ ವಿಜ್ಞಾನದ ಆಚೆಗೆ ತಲುಪಿದ ಕೆಲಸ ಎರಡು. ಪಾವಗಡ, ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿ ಬೆಳೆಗಾರರೊಂದಿಗೆ ಕೂತು, ಬಿತ್ತನೆಯ ದಿನ ಸರಿದರೆ ಕಾಯಿ ಕಟ್ಟುವ ಹೊತ್ತಿಗೆ ಒಣಹವೆ ತಗಲುವ ಅಪಾಯ ಎಷ್ಟು ಬದಲಾಗುತ್ತದೆ ಎಂದು ದಶಕಗಳ ಮಳೆ ದಾಖಲೆ ಮತ್ತು ಬೆಳೆಯ ಗಣಕ ಮಾದರಿ ಇಟ್ಟುಕೊಂಡು ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದವರು ರೈತರು, ವಿಜ್ಞಾನಿ ಅಲ್ಲ, ಹೊಸತನ ಅಲ್ಲಿದೆ. ಇನ್ನೊಂದು, ಮಗನ ಜೊತೆ 2006ರಲ್ಲಿ ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬರೆದದ್ದು. ದೇಶದ ಆದಾಯದಲ್ಲಿ ಕೃಷಿಯ ಪಾಲು ಇಳಿದರೂ ತೀವ್ರ ಬರದ ಪೆಟ್ಟು ಒಟ್ಟು ಉತ್ಪನ್ನದ 2ರಿಂದ 5 ಶೇಕಡಾದಷ್ಟೇ ಉಳಿದಿದೆ ಎಂದು ತೋರಿಸಿದರು. ಒಳ್ಳೆ ಮಳೆಯ ಲಾಭ ಮಾತ್ರ ಅಷ್ಟಿಲ್ಲ. ಮಳೆಯಾಶ್ರಿತ ಹೊಲಕ್ಕೆ ಗೊಬ್ಬರ, ಔಷಧಿ ಸುರಿಯುವುದು ಹೆಚ್ಚಿನ ವರ್ಷ ಗಿಟ್ಟುವುದಿಲ್ಲ, ಹಾಗಾಗಿ ಮಳೆ ಚೆನ್ನಾದ ವರ್ಷವೂ ಇಳುವರಿ ಏರುವುದಿಲ್ಲ ಎಂಬುದು ಅವರ ವಾದ. ಅರ್ಥಶಾಸ್ತ್ರದವರು ಈ ಲೇಖನ ಬಳಸಿದ್ದಕ್ಕೆ ಹವಾಮಾನದ ಪಟ್ಟಿಗಳಲ್ಲಿ ಹುಡುಕಿದರೆ ಸುಳಿವು ಸಿಗದು, ಬೇರೆಯಾಗಿ ಹುಡುಕಬೇಕು.

2002 ಮತ್ತು 2004ರ ಬರಗಳೆರಡನ್ನೂ ಅಧಿಕೃತ ಮುನ್ಸೂಚನೆ ಹಿಡಿಯಲಿಲ್ಲ. ‘ಮತ್ತೊಮ್ಮೆ ಯಾಕೆ ಸೋತೆವು’ ಎಂದು ರಾಜೀವನ್, ನಂಜುಂಡಯ್ಯ ಅವರೊಂದಿಗೆ 2005ರ ಕರೆಂಟ್ ಸೈನ್ಸ್‌ನಲ್ಲಿ ಗಾಡ್ಗೀಳ್ ಬರೆದರು. ಇಂಥ ನೇರ ಬರಹವೂ ಪ್ರಭಾವದ ಲೆಕ್ಕಕ್ಕೆ ಸೇರಬೇಕು. 2018ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮುಂಗಾರು ಕಡಲ ಗಾಳಿಯೋ ಸಂಗಮ ವಲಯವೋ ಎಂಬ ಹಳೆಯ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಮತ್ತೊಮ್ಮೆ ಬರೆದರು. ನಿಮ್ಮ ಮಗಳು ಓದು ಶುರು ಮಾಡಬೇಕಾದ್ದು ಇದರಿಂದ. ಭಾಷೆ ತಿಳಿ, ಎಲ್ಲ ಎಳೆಗಳೂ ಅಲ್ಲಿವೆ. ಆಮೇಲೆ 1980ರದ್ದು, ಆಮೇಲೆ 2004ರದ್ದು. 1984ರ ನೇಚರ್ ಲೇಖನಕ್ಕೆ ಕಾಲೇಜಿನ ಗ್ರಂಥಪಾಲಕರನ್ನು ಕೇಳಬೇಕಾದೀತು. ಸರ್ಕಾರಿ ವಿದ್ಯಾಸಂಸ್ಥೆಯಾದರೆ 2025ರಿಂದ ಜಾರಿಗೆ ಬಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಎಂಬ ಸಾಮೂಹಿಕ ಚಂದಾ ಯೋಜನೆಯ ಮೂಲಕ ಸಿಕ್ಕೀತು.

ಪ್ರಭಾವ ನೋಡುವ ಕೈಕೆಲಸ ಹೀಗೆ: 1980ರ ಪ್ರಬಂಧವನ್ನು ಉಲ್ಲೇಖಿಸಿದವುಗಳಲ್ಲಿ ಮೂವತ್ತನ್ನು ಬೇರೆ ಬೇರೆ ದಶಕಗಳಿಂದ ಆರಿಸಿ. ಪ್ರತಿಯೊಂದರಲ್ಲೂ ‘ಸಿಕ್ಕಾ’ ಎಂದು ಹುಡುಕಿ, ಆ ವಾಕ್ಯದ ಹಿಂದು ಮುಂದಿನ ಎರಡು ವಾಕ್ಯ ಓದಿ. ಪೀಠಿಕೆಯಲ್ಲಿ ಐದಾರು ಹೆಸರಿನ ಸಾಲಿನಲ್ಲಿ ಬಂದಿದ್ದರೆ ಅದು ನಮಸ್ಕಾರ ಮಾತ್ರ. ವಿಧಾನದ ಭಾಗದಲ್ಲೋ ಫಲಿತಾಂಶದ ಚರ್ಚೆಯಲ್ಲೋ ಬಂದಿದ್ದರೆ ನಿಜವಾದ ಬಳಕೆ. ವಿರೋಧಿಸಿ ಬರೆದಿದ್ದರೆ ಅದನ್ನು ಬೇರೆ ಗುಡ್ಡೆ ಹಾಕಿ, ಅದು ಅತಿ ಬೆಲೆಯುಳ್ಳದ್ದು. ಅವರದೇ ಸಹಲೇಖಕರ ಪ್ರಬಂಧಗಳನ್ನೂ ಗುರುತಿಸಿಡಿ. ಮೂವತ್ತರಲ್ಲಿ ಎಷ್ಟು ಯಾವ ಗುಡ್ಡೆಗೆ ಬಿತ್ತು ಎಂಬ ಒಂದು ಕಂಬಚಿತ್ರ ಯಾವ ಸೂಚ್ಯಂಕಕ್ಕಿಂತಲೂ ಹೆಚ್ಚು ಮಾತಾಡುತ್ತದೆ.

ಇನ್ನು ಮಳೆ ಪುಸ್ತಕಗಳು. ಖಂಡಿತ ಬಳಸಬಹುದು, ಆದರೆ ಮೊದಲು ಸೋಸಬೇಕು. ತೋಟದ ರೈಟರುಗಳು (ಲೆಕ್ಕಪತ್ರ ಬರೆಯುವವರು) ಬರೆದದ್ದು ಇಂಚು ಮತ್ತು ಸೆಂಟ್ಸ್‌ನಲ್ಲಿರುತ್ತದೆ. ಒಂದು ಇಂಚಿಗೆ ನೂರು ಸೆಂಟ್ಸ್, ಒಂದು ಸೆಂಟ್ಸ್ ಅಂದರೆ 0.254 ಮಿ.ಮೀ. ನಡುವೆ ಎಲ್ಲೋ ಮಿಲಿಮೀಟರಿಗೆ ಬದಲಾಗಿರುತ್ತದೆ, ಆ ಪುಟ ಹುಡುಕಿ. ಮಾಪಕ ಬದಲಾದ ವರ್ಷವನ್ನೂ ಹುಡುಕಿ. ಹಳೆಯ ಐದಿಂಚು ಬಾಯಿಯ ಮಾಪಕದ ವಿಸ್ತೀರ್ಣ ಸುಮಾರು 127 ಚದರ ಸೆಂ.ಮೀ., ಈಗಿನ ಫೈಬರ್ ಮಾಪಕದ್ದು 100 ಅಥವಾ 200. ಅಳತೆ ಗಾಜು ಒಡೆದು, ಪೇಟೆಯಿಂದ ಇನ್ನೊಂದು ತಂದಾಗ ಬಾಯಿಗೆ ಹೊಂದದ ಗಾಜು ಬರುವುದುಂಟು. 200ರ ಬಾಯಿಗೆ 100ರ ಗಾಜು ಹಿಡಿದರೆ ಮಳೆ ಎರಡು ಪಟ್ಟು ಕಾಣುತ್ತದೆ. ಇನ್ನೊಂದು ಮೋಸ ಬಾಟಲಿಯದ್ದು: 200 ಚದರ ಸೆಂ.ಮೀ. ಬಾಯಿಗೆ 4 ಲೀಟರ್ ಬಾಟಲಿ ಇಟ್ಟರೆ 200 ಮಿ.ಮೀ.ಗೆ ತುಂಬಿ ಹೊರಚೆಲ್ಲುತ್ತದೆ. ಘಟ್ಟದಂಚಿನಲ್ಲಿ ಅಂಥ ದಿನಗಳು ಬರುತ್ತವೆ, ಪುಸ್ತಕದಲ್ಲಿ ಮಾತ್ರ ಅದಕ್ಕಿಂತ ಹೆಚ್ಚು ಎಂದೂ ಬರೆದಿರುವುದಿಲ್ಲ. 10 ಲೀಟರಿನದಾದರೆ 500 ಮಿ.ಮೀ. ತಡೆಯುತ್ತದೆ.

ತಾರೀಖಿನದ್ದೂ ನೋಡಿ. ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದು, ಅಳೆದ ದಿನದ ಹೆಸರಿನಲ್ಲೇ ಬರೆಯುತ್ತಾರೆ. ತೋಟಗಳಲ್ಲಿ ‘ನಿನ್ನೆಯ ಮಳೆ’ ಎಂದು ಹಿಂದಿನ ದಿನಕ್ಕೆ ಬರೆದಿರುವುದು ಸಾಮಾನ್ಯ. ಭಾನುವಾರ ಖಾಲಿ, ಸೋಮವಾರ ಭಾರೀ ಮಳೆ ಎಂದು ವರ್ಷಪೂರ್ತಿ ಕಂಡರೆ ರೈಟರಿಗೆ ರಜೆ ಇತ್ತು ಎಂದರ್ಥ. ಅಂಥ ಪುಸ್ತಕದಿಂದ ತಿಂಗಳ ಮೊತ್ತ ಸರಿಯಾಗಿ ಸಿಗುತ್ತದೆ, ಮಳೆ ದಿನಗಳ ಎಣಿಕೆ ಸಿಗದು. ಇಲಾಖೆಯ ಲೆಕ್ಕದಲ್ಲಿ ಮಳೆ ದಿನ ಎಂದರೆ 2.5 ಮಿ.ಮೀ. ಅಥವಾ ಹೆಚ್ಚು, ಹತ್ತು ಸೆಂಟ್ಸ್ ಎಂದಿಟ್ಟುಕೊಳ್ಳಿ. ಖಾಲಿ ಜಾಗವನ್ನು ಸೊನ್ನೆ ಎಂದು ತುಂಬಬೇಡಿ.

ಮಾಪಕದ ಪಕ್ಕದ ಸಿಲ್ವರ್ ಓಕ್ ಮೂವತ್ತು ವರ್ಷದಲ್ಲಿ ಎಷ್ಟು ಬೆಳೆಯಿತು ಎಂದು ಯಾರೂ ಬರೆದಿಡುವುದಿಲ್ಲ. ಮರದ ಎತ್ತರದ ಎರಡು ಪಟ್ಟು ದೂರದಲ್ಲಾದರೂ ಮಾಪಕ ಇರಬೇಕು, ಇಲ್ಲದಿದ್ದರೆ ಮಳೆ ವರ್ಷ ವರ್ಷ ಕಡಿಮೆಯಾದಂತೆ ಕಂಡು, ಹವಾಮಾನವೇ ಬದಲಾಯಿತು ಎಂದು ಅನ್ನಿಸೀತು. ಇದನ್ನು ಹಿಡಿಯಲು ಅಕ್ಕಪಕ್ಕದ ಮೂರ್ನಾಲ್ಕು ಕೇಂದ್ರಗಳ ವಾರ್ಷಿಕ ಸರಾಸರಿಯನ್ನು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಅಡ್ಡ ಗೆರೆಯಲ್ಲಿ, ನಿಮ್ಮ ತೋಟದ್ದನ್ನು ಹಾಗೇ ಕೂಡುತ್ತಾ ಲಂಬ ಗೆರೆಯಲ್ಲಿ ಗುರುತಿಸಿ. ಎಲ್ಲ ಸರಿಯಿದ್ದರೆ ನೇರ ಗೆರೆ ಬರುತ್ತದೆ. ಒಂದು ವರ್ಷದಿಂದಾಚೆಗೆ ಗೆರೆ ಬಾಗಿದರೆ ಆ ವರ್ಷ ಮಾಪಕಕ್ಕೋ ಜಾಗಕ್ಕೋ ಏನೋ ಆಗಿದೆ, ಮನೆಯ ಹಿರಿಯರನ್ನು ಕೇಳಿ.

ಸೆಮಿನಾರಿಗೆ ಜೂನ್‌ನಿಂದ ಸೆಪ್ಟೆಂಬರ್ ಮೊತ್ತ ಮಾತ್ರ ಸಾಕು. ಫೆಬ್ರವರಿ-ಏಪ್ರಿಲ್‌ನ ಹೂಮಳೆ, ಅದರ ನಂತರ ಬರುವ ಬ್ಯಾಕಿಂಗ್ ಮಳೆ ಕಾಫಿಗೆ ಪ್ರಾಣ, ಆದರೆ ಗುಡುಗಿನ ಆ ಮಳೆ ಮುಂಗಾರಿನ ವ್ಯವಸ್ಥೆಗೆ ಸೇರಿದ್ದಲ್ಲ, ಬೆರೆಸಿದರೆ ಸಂಬಂಧ ಮಸುಕಾಗುತ್ತದೆ. ಮೂವತ್ತು ವರ್ಷಕ್ಕೆ ಕಡಿಮೆ ಇಲ್ಲದ ಮೊತ್ತಗಳನ್ನು ಸಾಲಾಗಿ ಇಟ್ಟು, 1997 ಮತ್ತು 2002ಕ್ಕೆ ಬಣ್ಣ ಹಚ್ಚಿ ತೋರಿಸಲಿ. ತೋಟದ ಮಳೆ ದೇಶದ ಮಳೆಯಂತೆ ನಡೆದಿಲ್ಲದಿದ್ದರೆ ಹಾಗೆಯೇ ಹೇಳಲಿ, ವಲಯಗಳ ಪ್ರಬಂಧವನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದು. ಪುಸ್ತಕದ ಪುಟಗಳನ್ನು ಫೋಟೋ ತೆಗೆದಿಡುವಾಗ ಮೂಲ ಇಂಚು-ಸೆಂಟ್ಸ್ ಅಂಕಿಗಳನ್ನೇ ಒಂದು ಕಾಲಂನಲ್ಲಿ ನಮೂದಿಸಿ, ಮಿಲಿಮೀಟರನ್ನು ಪಕ್ಕದ ಕಾಲಂನಲ್ಲಿ ಲೆಕ್ಕ ಹಾಕಿ. ತಿದ್ದಿದ್ದನ್ನು ಮೂರನೆಯ ಕಾಲಂನಲ್ಲಿ, ತಿದ್ದಿದ ಕಾರಣದ ಸಮೇತ.